ಗಂಟಲು ಕಟ್ಟಿದ ದುರ್ಯೋಧನ

"ಮೇಡಂ, ಶನಿವಾರ ಡ್ರಾಮಾ ಅದೆ. ಗಂಟ್ಲು ಕಟ್ಕಂಡದೆ. ಏನಾರ ಮಾಡಿ."

ಮದ್ದೂರು ಕಡೆಯಿಂದ ಬಂದಿದ್ದ ಅವರು ಇಷ್ಟನ್ನೂ ಪಿಸುಗುಟ್ಟಿಯೇ ಹೇಳಿದರು. ಕುರುಕ್ಷೇತ್ರ ನಾಟಕದಲ್ಲಿ ಅವರದು ದುರ್ಯೋಧನನ ಪಾತ್ರ. ರಾತ್ರಿ ಶುರುವಾದರೆ ಮುಗಿಯುವುದು ಬೆಳಗಿನ ಜಾವಕ್ಕೆ. ಒಂದು ತಿಂಗಳಿಂದ ಹಗಲು ಗದ್ದೆ ಕೆಲಸ, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಪ್ರಾಕ್ಟೀಸು. ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದೆ. ದನಿ ಹುಟ್ಟಿಸುವ ಎರಡೂ ಧ್ವನಿತಂತುಗಳು ಕೆಂಪಾಗಿ ಊದಿಕೊಂಡಿದ್ದವು.

ಈ ತಂತುಗಳು ಎಷ್ಟು ಚಿಕ್ಕವು ಗೊತ್ತಾ? ಗಂಡಸರಲ್ಲೂ ಎರಡು ಸೆಂಟಿಮೀಟರ್ ಆಸುಪಾಸು, ಅಷ್ಟೇ. ಸುಮ್ನೆ ಮಾತಾಡುವಾಗಲೇ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ 200 ಸಲ ಒಂದಕ್ಕೊಂದು ಬಡಿಯುತ್ತವೆ. ತಾರಸ್ಥಾಯಿಗೆ ಏರಿದರೆ ಗಂಡಸರಿಗೂ ಅದು 300 ದಾಟುತ್ತದೆ. ಹೀಗೆ ರಾತ್ರಿಯಿಡೀ ಬಡಿದುಕೊಂಡ ಮೇಲೆ ಊದದೆ ಇನ್ನೇನಾಗುತ್ತದೆ? ಆ ಊತ ಇಳಿಯುವ ಮೊದಲೇ ಮತ್ತೆ ಮತ್ತೆ ಹಾಡಿದರೆ ಅಲ್ಲಿ ಗಂಟು ಕಟ್ಟುತ್ತದೆ.

ಯುರೋಪಿನ ಆಪೆರಾ ಗಾಯಕರ ಬದುಕನ್ನು ನಾನು ಆಸಕ್ತಿಯಿಂದ ಓದುವುದು ಇದೇ ಕಾರಣಕ್ಕೆ. ಅವರೂ ವೇಷ ಹಾಕಿ, ಹಾಡುತ್ತಲೇ ಕಥೆ ಹೇಳುವವರು. ನಮ್ಮ ಮಂಡ್ಯದ ಪೌರಾಣಿಕ ನಾಟಕದ ಹಾಗೇ ಅಲ್ವಾ? ಅದೂ ಮೈಕ್ ಇಲ್ಲದೆ, ದೊಡ್ಡ ವಾದ್ಯಮೇಳದ ಎದುರು ಹಾಡುತ್ತಾರೆ. ಆ ವಾದ್ಯಮೇಳದ ಬಲ ಜಾಸ್ತಿ ಇರುವುದು ಸುಮಾರು 500 ಹರ್ಟ್ಸ್, ಅಂದರೆ ಸೆಕೆಂಡಿಗೆ 500 ಕಂಪನಗಳ ಆಸುಪಾಸಿನಲ್ಲಿ. ಪಳಗಿದ ಗಾಯಕರು ಗಂಟಲಿನ ಆಕಾರವನ್ನು ಹೊಂದಿಸಿಕೊಂಡು, 3000 ಹರ್ಟ್ಸ್ ಹತ್ತಿರ ದನಿಗೆ ಒಂದು ಹೊಳಪು ತರುತ್ತಾರೆ. ಅಲ್ಲಿ ವಾದ್ಯಗಳ ಸದ್ದು ಕಮ್ಮಿ. ಹಾಗಾಗಿ ಕಿರುಚದೆಯೇ ಕೊನೆಯ ಸಾಲಿಗೂ ದನಿ ಮುಟ್ಟುತ್ತದೆ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಾರ್ವೆಯ ಆಪೆರಾ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರು ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳನ್ನು ಮೊದಲ ಸಲ ಹಾಡಿದರು. ಆ ಕಛೇರಿಯ ಖರ್ಚಿಗೆ ಜಾಮೀನು ನಿಂತವರು ನಮ್ಮ ಜಯಚಾಮರಾಜ ಒಡೆಯರು. ಆಗ ಫ್ಲಾಗ್‌ಸ್ಟಾಡ್ ಅವರಿಗೆ 54 ವರ್ಷ. ಆ ವಯಸ್ಸಿನವರೆಗೆ ದನಿ ಉಳಿಯಬೇಕಾದರೆ ಪ್ರತಿಭೆಯೊಂದೇ ಸಾಲದು, ವಿಶ್ರಾಂತಿಯೂ ಬೇಕು. ಆಪೆರಾದಲ್ಲಿ ದೊಡ್ಡ ಪಾತ್ರ ಹಾಡಿದವರಿಗೆ ಮುಂದಿನ ಪ್ರದರ್ಶನಕ್ಕೆ ಮೊದಲು ಸಾಮಾನ್ಯವಾಗಿ ಒಂದೆರಡು ದಿನ ಬಿಡುವು ಇರುತ್ತದೆ. ದನಿ ಕೆಟ್ಟರೆ ಪಾತ್ರಕ್ಕೆ ನಿಲ್ಲಲು ಇನ್ನೊಬ್ಬರು ತಯಾರಿರುತ್ತಾರೆ. ಅಲ್ಲೂ ಕಷ್ಟವಿದೆ. ಪ್ರದರ್ಶನಕ್ಕೆ ಇಷ್ಟೆಂದು ದುಡಿಯುವವರಿಗೆ, ಹುಷಾರಿಲ್ಲದೆ ಬಿಟ್ಟ ದಿನದ ದುಡ್ಡು ಎಷ್ಟೋ ಸಲ ಸಿಗುವುದಿಲ್ಲ. ಆದರೂ ಬಿಡುವು ಕೆಲಸದ ಭಾಗ ಎಂಬುದನ್ನು ಅವರು ಒಪ್ಪಿಕೊಂಡಿದ್ದಾರೆ.

ಮೈಸೂರಿನ ಸಂಗೀತಗಾರರಿಗೆ ಆ ಬಿಡುವೇ ಇಲ್ಲ. ಕಛೇರಿಯಿಂದ ಮನೆ ನಡೆಯುವುದು ಕೆಲವರಿಗೆ ಮಾತ್ರ. ಉಳಿದವರೆಲ್ಲ ಪಾಠ ಹೇಳಬೇಕು. ನಾನು ನೋಡಿದ ಹಾಗೆ, ಕಛೇರಿಗಿಂತ ಪಾಠದಿಂದಲೇ ಜಾಸ್ತಿ ದನಿ ಹಾಳಾಗುತ್ತದೆ. ಗಂಡಸರು ಹೆಣ್ಣುಮಕ್ಕಳ ಶ್ರುತಿಗೆ ಏರಿ ಹಾಡಿ ತೋರಿಸುತ್ತಾರೆ. ಹೆಂಗಸರು ಹುಡುಗರಿಗಾಗಿ ಕೆಳಗಿಳಿಯುತ್ತಾರೆ. ದಿನಕ್ಕೆ ನಾಲ್ಕೈದು ಗಂಟೆ ಹೀಗೆ. ಆಮೇಲೆ ಗಣೇಶನ ಹಬ್ಬ, ಅದರ ಬೆನ್ನಿಗೇ ದಸರಾ. ಪೆಂಡಾಲಿನಲ್ಲಿ ಸುತ್ತ ಗದ್ದಲ ಇದ್ದರೆ ಯಾರೇ ಆಗಲಿ ತಮಗೆ ತಿಳಿಯದೆಯೇ ದನಿ ಏರಿಸುತ್ತಾರೆ. ಅದು ಮನುಷ್ಯನ ಸ್ವಭಾವ. ಅದಕ್ಕೇ ಸಭೆ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಹೂವಿನ ಅಲಂಕಾರ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ಹಾಡುವವರ ಕಡೆಗೆ ತಿರುಗಿಸಿದ ಒಂದು ಸ್ಪೀಕರ್ ಇಡಿ. ತಮ್ಮ ದನಿ ತಮಗೆ ಚೆನ್ನಾಗಿ ಕೇಳಿಸಿದರೆ ಅವರು ಕೂಗುವುದಿಲ್ಲ.

ಕಷಾಯದ ವಿಷಯ ಎಲ್ಲರೂ ಕೇಳುತ್ತಾರೆ. ಕಾಳುಮೆಣಸು, ಶುಂಠಿ, ಕಲ್ಲುಸಕ್ಕರೆ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ನುಂಗಿದ್ದು ತಂತುಗಳನ್ನು ಮುಟ್ಟುವುದಿಲ್ಲ. ಮುಟ್ಟಿದರೆ ನೆತ್ತಿಗೆ ಹತ್ತುತ್ತದೆ! ಕುಡಿದ ನೀರು ಮೈಗೆ ಹಿಡಿದ ಮೇಲೆ ತಂತುಗಳಿಗೂ ಅದರ ಪ್ರಯೋಜನ. ಹಾಗಾಗಿ ವೇದಿಕೆ ಮೇಲಿನ ಒಂದು ಲೋಟಕ್ಕಿಂತ ಬೆಳಗಿನಿಂದ ಕುಡಿದ ನೀರು ಮುಖ್ಯ. ಕಛೇರಿ ಮುಗಿಸಿ ಹನ್ನೊಂದಕ್ಕೆ ಉಂಡು ಹಾಗೇ ಮಲಗಬೇಡಿ, ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲನ್ನು ಉರಿಸುತ್ತದೆ. ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ. ಎಷ್ಟೋ ಜನಕ್ಕೆ ಅದರಿಂದ ಗಂಟಲು ಇನ್ನೂ ಬಿಗಿಯಾಗುತ್ತದೆ. ಹಾಡುತ್ತಿರುವಾಗ ದನಿ ತಟ್ಟನೆ ಹೋಯಿತು ಅಂದರೆ ಅಲ್ಲೇ ನಿಲ್ಲಿಸಿ. ತಂತುವಿನೊಳಗೆ ರಕ್ತ ಸೋರಿರಬಹುದು. ಅಂದೇ ಕಿವಿ ಮೂಗು ಗಂಟಲು ಡಾಕ್ಟರನ್ನು ನೋಡಿ. ದನಿ ಒಡಕು ಮೂರು ವಾರ ದಾಟಿದರೂ ಅಷ್ಟೇ, ತೋರಿಸಲೇಬೇಕು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಲ್ಲೇ ಇದೆ.

ದುರ್ಯೋಧನನ ಕಥೆ ಹೇಳಿಬಿಡುತ್ತೇನೆ. ಅವರಿಗೆ ಪಾತ್ರ ಬಿಡುವ ಮನಸ್ಸಿರಲಿಲ್ಲ. ಪಾತ್ರಕ್ಕೆ ಕೈಯಿಂದ ದುಡ್ಡು ಕಟ್ಟಿದ್ದರು, ನೆಂಟರನ್ನೆಲ್ಲ ಕರೆದಿದ್ದರು. ಕೊನೆಗೆ ಅವರ ಮೇಷ್ಟ್ರಿಗೆ ನಾನೇ ಫೋನ್ ಮಾಡಿದೆ. ನಮ್ಮ ಹಳ್ಳಿಗಳಲ್ಲಿ ಒಂದೇ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಳ್ಳುವ ರೂಢಿ ಇದೆಯಲ್ಲ, ಅದನ್ನೇ ನೆನಪಿಸಿದೆ. ಮೇಷ್ಟ್ರು ಒಪ್ಪಿದರು. ಪದ್ಯಗಳೆಲ್ಲ ಇನ್ನೊಬ್ಬರ ಪಾಲಾದವು. ಇವರು ನಾಲ್ಕು ದಿನ ಬಾಯಿ ಬಿಡದೆ ಇದ್ದು, ಗದಾಯುದ್ಧಕ್ಕೆ ಮಾತ್ರ ವೇಷ ಕಟ್ಟಿದರು.

ಈ ವರ್ಷ ಪ್ರಾಕ್ಟೀಸು ಶುರುವಾಗುವುದಕ್ಕೆ ಒಂದು ತಿಂಗಳು ಮೊದಲೇ ಬಂದಿದ್ದಾರೆ. ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು, ಗುಳುಗುಳು ಅನ್ನಿಸುತ್ತಾ ದನಿ ಹಿಡಿಯುವ ಅಭ್ಯಾಸ ನಡೆದಿದೆ.