ಪದ ಪರಿಚಯ: ಉಸಿರಾಟ ವೈಫಲ್ಯ

ದಾವಣಗೆರೆಯ ಆಸ್ಪತ್ರೆಗಳಲ್ಲಿ, ಐಸಿಯು ಎದುರಿನ ಬೆಂಚಿನಲ್ಲಿ ಕೂತವರೊಬ್ಬರು ‘ಮಿಷಿನ್ನಿಗೆ ಹಾಕ್ಯಾರೆ’ ಎಂದರೆ ಪಕ್ಕದವರು ಮುಂದೇನೂ ಕೇಳುವುದಿಲ್ಲ. ಊರಿನ ನೆಂಟರಿಗೆ ಫೋನು ಹೋಗುತ್ತದೆ. ಆ ಮಾತಿನ ಹಿಂದಿರುವ ವೈದ್ಯಕೀಯ ಪದ ಉಸಿರಾಟ ವೈಫಲ್ಯ. ಉಸಿರು ನಿಂತೇಹೋಯಿತು ಎಂದು ಇದನ್ನು ತಿಳಿಯುವುದುಂಟು, ಆದರೆ ಈ ಸ್ಥಿತಿಯಲ್ಲಿರುವ ಎಷ್ಟೋ ರೋಗಿಗಳು ನಿಮಿಷಕ್ಕೆ 30ಕ್ಕೂ ಹೆಚ್ಚು ಸಲ ಉಸಿರೆಳೆಯುತ್ತಿರುತ್ತಾರೆ. ಎಳೆದ ಉಸಿರು ರಕ್ತಕ್ಕೆ ಬೇಕಾದಷ್ಟು ಆಮ್ಲಜನಕವನ್ನು ಕೊಡದಿರುವುದು, ಇಲ್ಲವೇ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೊರಹಾಕದಿರುವುದು ಇಲ್ಲಿನ ವೈಫಲ್ಯ. ಮಣಿಕಟ್ಟಿನ ಅಪಧಮನಿಯಿಂದ ತೆಗೆದ ರಕ್ತದಲ್ಲಿ ಆಮ್ಲಜನಕದ ಒತ್ತಡ 60 ಮಿ.ಮೀ. ಪಾದರಸಕ್ಕಿಂತ ಕೆಳಗಿದ್ದರೆ ಅದು ಮೊದಲ ಬಗೆ. ಇಂಗಾಲದ ಡೈಆಕ್ಸೈಡಿನ ಒತ್ತಡ ಏರಿ ರಕ್ತ ಆಮ್ಲೀಯವಾಗಿದ್ದರೆ ಎರಡನೆಯದು.

ಹೃದ್ರೋಗಿಯಲ್ಲಿ ಇದು ಸಾಮಾನ್ಯವಾಗಿ ಮೊದಲ ಬಗೆಯಾಗಿಯೇ ಆರಂಭವಾಗುತ್ತದೆ. ಭದ್ರಾ ನಾಲೆಯ ಬಯಲಿನವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ: ಮುಂದಿನ ತೂಬು ಕಟ್ಟಿಕೊಂಡರೆ ನೀರು ಹಿಂದಕ್ಕೆ ಒತ್ತಿ, ಏರಿಯ ಸಂದಿನಿಂದ ಜಿನುಗಿ, ಗದ್ದೆಯಲ್ಲಿ ನಿಲ್ಲುತ್ತದೆ. ಹೃದಯಾಘಾತದಿಂದಲೋ ಹಳೆಯ ರಕ್ತದೊತ್ತಡದಿಂದಲೋ ಸೋತ ಎಡ ಹೃತ್ಕುಕ್ಷಿ (ಮೈಗೆಲ್ಲ ರಕ್ತ ದಬ್ಬುವ ಹೃದಯದ ಕೋಣೆ), ತನಗೆ ಬಂದ ರಕ್ತವನ್ನು ಮುಂದೆ ದಬ್ಬಲಾರದೆ ಹೋದಾಗ, ಒತ್ತಡ ಶ್ವಾಸಕೋಶದ ನವುರಾದ ರಕ್ತನಾಳಗಳವರೆಗೆ ಹಿಂದೆ ಸರಿದು, ಅಲ್ಲಿಂದ ಸೋರಿದ ದ್ರವ ಗಾಳಿ ತುಂಬಬೇಕಾದ ವಾಯುಕೋಶಗಳನ್ನು ತುಂಬುತ್ತದೆ. ರಾತ್ರಿ ಮಲಗಿದೊಡನೆ ಉಸಿರು ಕಟ್ಟುವುದು, ಮೂರು ದಿಂಬು ಒಟ್ಟಿದರೂ ಸಾಲದೆ ಎದ್ದು ಕಿಟಕಿ ತೆರೆದು ಕೂರುವುದು ಇದರ ಮುನ್ಸೂಚನೆ. ಹಳ್ಳಿಗಳಲ್ಲಿ ಇದಕ್ಕೂ ‘ದಮ್ಮು’ ಎಂಬ ಒಂದೇ ಹೆಸರಿರುವುದರಿಂದ, ಆಸ್ತಮಾ ಎಂದುಕೊಂಡು ಪಂಪು ಎಳೆಯುತ್ತಾ ದಿನ ಕಳೆಯುವವರಿದ್ದಾರೆ. ನೊರೆ ನೊರೆಯಾದ ಗುಲಾಬಿ ಬಣ್ಣದ ಕಫ ಬರುವ ಹೊತ್ತಿಗೆ ಕಾಯಲು ಸಮಯ ಉಳಿದಿರುವುದಿಲ್ಲ.

ಇಲ್ಲಿ ಮತ್ತೊಂದು ಸುಳಿ ಸೇರಿಕೊಳ್ಳುತ್ತದೆ. ಆರೋಗ್ಯವಂತರಲ್ಲಿ ಉಸಿರಾಟದ ಸ್ನಾಯುಗಳು ಬಳಸುವುದು ಹೃದಯ ಹೊರಹಾಕುವ ರಕ್ತದ ತೀರ ಸಣ್ಣ ಪಾಲು. ಏದುಸಿರು ಬಿಡುವವರಲ್ಲಿ ಅದು ಹಲವು ಪಟ್ಟು ಹೆಚ್ಚುತ್ತದೆ. ಸೋತ ಹೃದಯ ಮಿದುಳು, ಮೂತ್ರಪಿಂಡಗಳಿಗೆ ಕೊಡಬೇಕಾದ ರಕ್ತವನ್ನು ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ಸುರಿಯತೊಡಗುತ್ತದೆ. ಆ ‘ಮಿಷಿನ್ನು’, ಅಂದರೆ ವೆಂಟಿಲೇಟರ್, ಈ ದುಡಿಮೆಯನ್ನು ತಾನು ಹೊರುತ್ತದೆ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿದಾಗ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ರಬ್ಬರ್ ಚೀಲ ಹಿಚುಕಿ ರೋಗಿಗಳನ್ನು ಉಸಿರಾಡಿಸಿದ್ದರು. ಇಂದಿನ ಯಂತ್ರ ಮಾಡುವುದೂ ಕುಲುಮೆಯ ತಿದಿಯಂತೆ ಗಾಳಿಯನ್ನು ಒಳಕ್ಕೆ ಒತ್ತುವ ಅದೇ ಕೆಲಸವನ್ನು.

ಹೃದಯಕ್ಕೆ ಮುಖ್ಯವಾಗುವುದು ಈ ಒತ್ತುವಿಕೆಯೇ. ನಾವು ಸಹಜವಾಗಿ ಉಸಿರೆಳೆಯುವಾಗ ಎದೆಗೂಡಿನೊಳಗೆ ಒತ್ತಡ ಇಳಿದು ರಕ್ತ ಹೃದಯದತ್ತ ಹರಿಯುತ್ತದೆ. ಯಂತ್ರ ಗಾಳಿ ನೂಕುವಾಗ ಒತ್ತಡ ಏರಿ, ಮರಳುವ ರಕ್ತ ಕಡಿಮೆಯಾಗುತ್ತದೆ, ಎಡ ಹೃತ್ಕುಕ್ಷಿ ರಕ್ತವನ್ನು ಹೊರದಬ್ಬುವ ಶ್ರಮವೂ ತಗ್ಗುತ್ತದೆ. ಆದ್ದರಿಂದ ಶ್ವಾಸಕೋಶದಲ್ಲಿ ನೀರು ತುಂಬಿದ ಹೃದ್ರೋಗಿಗೆ ಈ ಒತ್ತಡವೂ ಒಂದು ಔಷಧವೇ ಎನ್ನಬಹುದು. ಪ್ರಜ್ಞೆಯಿದ್ದು ಸಹಕರಿಸಬಲ್ಲವರಿಗೆ ಮೊದಲು ಬಿಗಿಯಾದ ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ನೂಕುವ ಸಿಪ್ಯಾಪ್ ಅಥವಾ ಬೈಪ್ಯಾಪ್ ಎಂಬ ಆಸರೆ ಕೊಡುತ್ತಾರೆ, ಅಷ್ಟರಲ್ಲೇ ಚೇತರಿಸಿಕೊಳ್ಳುವವರು ಬಹಳ ಮಂದಿ. ಆದರೆ ಬಲ ಹೃತ್ಕುಕ್ಷಿ ಸೋತವರಲ್ಲಿ ಅದೇ ಒತ್ತಡ ರಕ್ತದೊತ್ತಡವನ್ನು ಕುಸಿಯುವಂತೆ ಮಾಡಬಲ್ಲದು. ಯಂತ್ರಕ್ಕೆ ಜೋಡಿಸಲು ಶ್ವಾಸನಾಳಕ್ಕೆ ನಳಿಕೆ ಹಾಕುವ ಮೊದಲೇ ರಕ್ತದೊತ್ತಡ ಏರಿಸುವ ಔಷಧವನ್ನು ವೈದ್ಯರು ಸಿದ್ಧವಾಗಿ ಇಟ್ಟುಕೊಳ್ಳುವುದು ಅದಕ್ಕಾಗಿ. ನಳಿಕೆ ಧ್ವನಿತಂತುಗಳ ನಡುವೆ ಹಾದುಹೋಗಿರುವುದರಿಂದ ರೋಗಿಗೆ ಮಾತು ಹೊರಡುವುದಿಲ್ಲ. ಭೇಟಿಯ ಹೊತ್ತಿನಲ್ಲಿ ಕರೆದರೂ ಓಗೊಡದಿದ್ದರೆ ಅದಕ್ಕೆ ನಿದ್ರೆಯ ಔಷಧವೂ ಕಾರಣವಿರಬಹುದು.

ಯಂತ್ರ ತೆಗೆಯುವುದನ್ನು ಮನೆಯವರು ಬರಿಯ ಬಿಡುಗಡೆ ಎಂದುಕೊಳ್ಳುತ್ತಾರೆ, ಆದರೆ ಹೃದ್ರೋಗಿಗೆ ಅದೊಂದು ಪರೀಕ್ಷೆ. ಆಸರೆ ತಗ್ಗಿಸಿ 30 ನಿಮಿಷದಿಂದ 2 ಗಂಟೆಯವರೆಗೆ ರೋಗಿಯನ್ನೇ ಉಸಿರಾಡಲು ಬಿಟ್ಟಾಗ, ತಡೆದಿದ್ದ ರಕ್ತವೆಲ್ಲ ಒಮ್ಮೆಲೇ ಹೃದಯಕ್ಕೆ ಮರಳುತ್ತದೆ, ಎಡ ಹೃತ್ಕುಕ್ಷಿಯ ಹೊರೆಯೂ ಮೊದಲಿನಂತಾಗುತ್ತದೆ. ಶ್ವಾಸಕೋಶ ತಿಳಿಯಾಗಿದ್ದರೂ ಈ ಹಂತದಲ್ಲಿ ಮತ್ತೆ ನೀರು ತುಂಬುವುದುಂಟು. ಆಗ ಯಂತ್ರವನ್ನು ಮುಂದುವರಿಸಿ, ಮೂತ್ರ ಹೆಚ್ಚಿಸುವ ಔಷಧದಿಂದ ಮೈಯ ನೀರು ಇಳಿಸಿ, ಮರುದಿನ ಮತ್ತೆ ಪ್ರಯತ್ನಿಸುತ್ತಾರೆ.