ಸಭೆಯಲ್ಲಿ ಮೌನಿ, ತಾಳಮದ್ದಳೆಯಲ್ಲಿ ಕರ್ಣ

‘ಇವರದ್ದು ಯಾವ ನಮೂನೆ ಸ್ವಭಾವ, ಒಂದು ಟೆಸ್ಟ್ ಮಾಡಿ ಹೇಳಿಬಿಡಿ ಡಾಕ್ಟ್ರೇ.’ ಶಿರಸಿಯಲ್ಲಿ ನನ್ನ ಹತ್ತಿರ ಬರುವ ಬಹಳ ಮಂದಿಯ ಕೋರಿಕೆ ಇದು. (ನಾನು ಮಾತ್ರೆ ಬರೆಯುವ ಡಾಕ್ಟರಲ್ಲ, ಮನಶ್ಶಾಸ್ತ್ರಜ್ಞ. ತಿದ್ದಿ ತಿದ್ದಿ ಸಾಕಾಗಿ ಈಗ ಓಗೊಡುತ್ತೇನೆ.) ರಕ್ತದ ಗುಂಪಿನ ಹಾಗೆ ಸ್ವಭಾವಕ್ಕೂ ಒಂದು ಅಕ್ಷರ ಇರುತ್ತದೆ, ಚೀಟಿಯಲ್ಲಿ ಬರೆದುಕೊಟ್ಟರೆ ಮುಗಿಯಿತು ಎಂಬ ನಿರೀಕ್ಷೆ ಅವರದು.

ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬರ ವಿಷಯ ಹೇಳುತ್ತೇನೆ. ನಲವತ್ತು ದಾಟಿದ ಅಡಿಕೆ ಬೆಳೆಗಾರರು, ಊರಿನ ಸಹಕಾರಿ ಸಂಘದ ನಿರ್ದೇಶಕರು. ಸಂಘದ ಸಭೆಯಲ್ಲಿ ಎದ್ದು ನಿಂತರೆ ಅಂಗೈ ಬೆವರುತ್ತದೆ, ಗಂಟಲು ಕಟ್ಟುತ್ತದೆ, ಹೇಳಬೇಕೆಂದಿದ್ದನ್ನು ಹೇಳದೆ ಕೂತುಬಿಡುತ್ತಾರೆ. ಅದೇ ಮನುಷ್ಯ, ವೇಷ-ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಕರ್ಣನ ಅರ್ಥ (ಪಾತ್ರದ ಮಾತು) ಹೇಳಲು ಕೂತರೆ ಎದುರಿನ ಕೃಷ್ಣನಿಗೆ ಉಸಿರಾಡಲು ಬಿಡುವುದಿಲ್ಲ. ಬಾಯಿಪಾಠದ ಮಾತಲ್ಲ ಅದು, ಭಾಗವತರು ಪದ್ಯ ಮುಗಿಸಿದ ಮೇಲೆ ಆ ಕ್ಷಣಕ್ಕೆ ಹುಟ್ಟಬೇಕಾದ ಮಾತು. ‘ಸಭೆಯಲ್ಲಿ ಬೇಕಂತಲೇ ಬಾಯಿ ಬಿಡೋದಿಲ್ಲ ಇವರು’ ಎಂದರು ಹೆಂಡತಿ. ‘ಅಂವ ಸಣ್ಣಿದ್ದಾಗಿಂದ್ಲೂ ಹಂಗೇಯ’ ಎಂದರು ಪಕ್ಕದಲ್ಲಿದ್ದ ತಾಯಿ.

ತಾಯಿಯ ಮಾತು, ಸ್ವಭಾವವೆಂದರೆ ಸುಲಭಕ್ಕೆ ಬದಲಾಗದ ಕೆಲವು ಗುಣಗಳು ಎನ್ನುವ ಗುಣಲಕ್ಷಣ ಸಿದ್ಧಾಂತಕ್ಕೆ ಹತ್ತಿರದ್ದು. 1936ರಲ್ಲಿ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್ಪೋರ್ಟ್ ಮತ್ತು ಓಡ್‌ಬರ್ಟ್ ಇಂಗ್ಲಿಷ್ ನಿಘಂಟು ಹಿಡಿದು ಕೂತು, ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಮುಂದಿನವರು ಅವನ್ನು ಅಳೆದು, ಸೋಸಿ ಕೊನೆಗೆ ಐದು ಆಯಾಮಗಳಿಗೆ ತಂದರು: ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಶಿಸ್ತು, ಬೇಗ ಕಳವಳಗೊಳ್ಳುವ ಪ್ರವೃತ್ತಿ, ಹೊಸದಕ್ಕೆ ತೆರೆದ ಮನಸ್ಸು. ಇದೇ ‘ಬಿಗ್ ಫೈವ್’. ನಾನು ಕೊಡುವ ಪ್ರಶ್ನಾವಳಿಯೂ ಈ ಜಾತಿಯದೇ. ನಮ್ಮ ಅರ್ಥಧಾರಿಗಳಿಗೆ ಬಹಿರ್ಮುಖತೆಯಲ್ಲಿ ಕಡಿಮೆ, ಕಳವಳದಲ್ಲಿ ತುಸು ಹೆಚ್ಚು ಅಂಕ ಬಂತು. ಸುಳ್ಳೇನಲ್ಲ. ಆದರೆ ಕರ್ಣ ಎಲ್ಲಿಂದ ಬಂದ ಎಂಬುದಕ್ಕೆ ಆ ಅಂಕಗಳಲ್ಲಿ ಉತ್ತರವಿಲ್ಲ.

‘ಅಪ್ಪನೂ ಹೀಗೇ ಇದ್ದರು’ ಎಂಬ ಮಾತೂ ಮನೆಯವರಿಂದ ಬಂತು. ಅವಳಿಗಳ ಅಧ್ಯಯನಗಳ ಪ್ರಕಾರ ಇಂಥ ಗುಣಗಳಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇ. 40ರಿಂದ 50ರಷ್ಟಕ್ಕೆ ಆನುವಂಶಿಕತೆ ಕಾರಣ. ಇದು ಇಡೀ ಗುಂಪಿನ ಲೆಕ್ಕ. ಇವರ ಸಂಕೋಚದಲ್ಲಿ ಅರ್ಧ ಪಾಲು ಅಪ್ಪನದು ಎಂದು ಓದಿಕೊಂಡರೆ ತಪ್ಪು.

ಫ್ರಾಯ್ಡ್‌ನ ದಾರಿ ಹಿಡಿದವರು ಸಭೆಯ ಅಧ್ಯಕ್ಷರಲ್ಲಿ ಗದರುವ ತಂದೆಯನ್ನು ಹುಡುಕಿಯಾರು. ಬಾಲ್ಯದ ಬಗ್ಗೆ ನಾನೂ ಕೇಳುತ್ತೇನೆ, ಕೆಲವರಲ್ಲಿ ಗಂಟು ಅಲ್ಲೇ ಇರುತ್ತದೆ. ಆದರೆ ಹೌದೆಂದರೂ ಸರಿ, ಅಲ್ಲವೆಂದರೂ ‘ಅದು ಸುಪ್ತಮನಸ್ಸಿನ ಪ್ರತಿರೋಧ’ ಎಂದು ಗೆಲ್ಲುವ ವಾದ ನನಗೆ ರುಚಿಸುವುದಿಲ್ಲ. ಕಾರ್ಲ್ ರೋಜರ್ಸ್‌ ಥರದ ಮಾನವತಾವಾದಿ ಮನಶ್ಶಾಸ್ತ್ರಜ್ಞರಿಂದ ನಾನು ಪಡೆದಿದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಎದುರಿಗಿರುವವರ ಮಾತಿಗೆ ತೀರ್ಪು ಕೊಡದೆ ಕಿವಿಗೊಡುವ ಅಭ್ಯಾಸವನ್ನು.

ಈ ಪ್ರಕರಣದಲ್ಲಿ ಕೈಹಿಡಿದವರು ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್. 1968ರ ಪುಸ್ತಕದಲ್ಲಿ ಅವರು, ಗುಣ ಅಳೆಯುವ ಪರೀಕ್ಷೆಯ ಅಂಕಕ್ಕೂ ಒಂದು ನಿರ್ದಿಷ್ಟ ಸಂದರ್ಭದಲ್ಲಿ ಆ ಮನುಷ್ಯ ನಡೆದುಕೊಳ್ಳುವ ರೀತಿಗೂ ಇರುವ ಸಹಸಂಬಂಧ (ಪೂರ್ತಿ ತಾಳೆಯಾದರೆ 1, ಸಂಬಂಧವೇ ಇಲ್ಲದಿದ್ದರೆ 0) 0.30ರ ಆಸುಪಾಸು ದಾಟುವುದೇ ಅಪರೂಪ ಎಂದು ತೋರಿಸಿದರು. ದೊಡ್ಡ ಜಗಳವೇ ಆಯಿತು. ಅನೇಕ ಸಂದರ್ಭಗಳ ಸರಾಸರಿ ತೆಗೆದರೆ ಗುಣ ಚೆನ್ನಾಗಿಯೇ ಕಾಣುತ್ತದೆ ಎಂದು ಎದುರಾಳಿಗಳೂ ತೋರಿಸಿದರು. ಆಮೇಲೆ ಮಿಶೆಲ್ ಮತ್ತು ಯುಯಿಚಿ ಶೋಡಾ ಬೇಸಿಗೆ ಶಿಬಿರವೊಂದರಲ್ಲಿ ಮಕ್ಕಳನ್ನು ಗಮನಿಸಿದಾಗ ಹೊಸದೊಂದು ಹೊಳೆಯಿತು. ಒಟ್ಟಾರೆ ಒಂದೇ ಪ್ರಮಾಣದ ಸಿಟ್ಟಿನ ಇಬ್ಬರು ಮಕ್ಕಳಲ್ಲಿ ಒಬ್ಬ ರೇಗುವುದು ದೊಡ್ಡವರು ಎಚ್ಚರಿಸಿದಾಗ, ಇನ್ನೊಬ್ಬ ರೇಗುವುದು ಓರಗೆಯವರು ಹತ್ತಿರ ಬಂದಾಗ. ‘ಹೀಗಾದರೆ ಹೀಗೆ’ ಎಂಬ ಈ ನಕ್ಷೆ ಮಗುವಿನಿಂದ ಮಗುವಿಗೆ ಬೇರೆ, ಆದರೆ ಒಂದೇ ಮಗುವಿನಲ್ಲಿ ಸಾಕಷ್ಟು ಸ್ಥಿರ. ಅವರ ಪ್ರಕಾರ ವ್ಯಕ್ತಿತ್ವದ ಗುರುತು ಇರುವುದು ಅದರಲ್ಲೇ.

ನಾವೂ ಅಂಥದೊಂದು ನಕ್ಷೆ ಬರೆದೆವು. ಪಾತ್ರದ ಹೆಸರಿನಲ್ಲಿ ಆಡುವಾಗ ಭಯವಿಲ್ಲ. ಬೇರೆಯವರ ಪರವಾಗಿ, ಉದಾಹರಣೆಗೆ ಪಕ್ಕದ ಮನೆಯವರ ಸಾಲದ ಅರ್ಜಿಗಾಗಿ ಆಡುವಾಗ, ಸ್ವಲ್ಪವೇ ಭಯ. ತನ್ನ ಸ್ವಂತ ಅಭಿಪ್ರಾಯವನ್ನು, ಅದೂ ತನಗಿಂತ ಹಿರಿಯರೊಬ್ಬರು ಅದಾಗಲೇ ಬೇರೆ ಮಾತು ಹೇಳಿದ ಮೇಲೆ ಹೇಳಬೇಕಾದಾಗ ಮಾತ್ರ ಗಂಟಲು ಕಟ್ಟುತ್ತದೆ. ‘ನಾಚಿಕೆ ಸ್ವಭಾವ’ ಎಂದಿದ್ದದ್ದು ಇಷ್ಟು ಚಿಕ್ಕ ಜಾಗಕ್ಕೆ ಬಂದು ನಿಂತಿತು.

ಮುಂದಿನದಕ್ಕೆ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಬೇಕಾದರು. ‘ಇದು ನನ್ನ ಕೈಲಾಗುತ್ತದೆ’ ಎಂಬ ನಂಬಿಕೆ ಒಂದೊಂದು ಕೆಲಸಕ್ಕೆ ಒಂದೊಂದು ಥರ ಇರುತ್ತದೆ, ಅದನ್ನು ಎಲ್ಲಕ್ಕಿಂತ ಹೆಚ್ಚು ಬೆಳೆಸುವುದು ಸ್ವತಃ ಮಾಡಿ ಗೆದ್ದ ಅನುಭವ ಎಂದು 1977ರಲ್ಲಿ ಅವರು ವಾದಿಸಿದ್ದರು. ಕರ್ಣನ ಧೈರ್ಯ ತಾನಾಗಿ ಸಂಘದ ಕಚೇರಿಗೆ ಬರುವುದಿಲ್ಲ, ಅದನ್ನು ಅಲ್ಲೇ ಕಟ್ಟಬೇಕು. ಹಾಗಾಗಿ ಮೊದಲು ಬೇರೆಯವರ ಅರ್ಜಿಯ ಪರ ಎರಡು ಮಾತು, ನಂತರ ಹಿರಿಯರು ಬಾಯಿ ತೆರೆಯುವ ಮುಂಚೆಯೇ ತಮ್ಮದೊಂದು ಸಲಹೆ, ಕೊನೆಗೆ ಭಿನ್ನಾಭಿಪ್ರಾಯ ಎಂದು ಮೆಟ್ಟಿಲು ಹಾಕಿಕೊಂಡೆವು. ಎರಡನೆಯದರವರೆಗೆ ಹತ್ತಿದ್ದಾರೆ. ಹೆಂಡತಿಗೆ ಈ ವಿವರಣೆಯೆಲ್ಲ ಪೂರ್ತಿ ಒಪ್ಪಿಗೆಯಿಲ್ಲ. ‘ಮನೇಲಿ ಏನು ಕೇಳಿದರೂ ಹೂಂ ಅಂತಾರಲ್ಲ, ಅದಕ್ಕೆ ಯಾವ ಸಿದ್ಧಾಂತ?’ ಎಂದು ಕಳೆದ ಸಲ ಕೇಳಿದರು. ಮುಂದಿನ ಸಲ ಇಬ್ಬರೂ ಒಟ್ಟಿಗೆ ಬನ್ನಿ ಎಂದಿದ್ದೇನೆ.