ಮೂರು ನಂಬರು ಸಾಲಾಗಿ ಹೊತ್ತಿದರೂ ಬಿಂಗೋ ಪಿನ್‌ಬಾಲ್ ಗೆಲುವು ಕೊಡದಿದ್ದರೆ?

ಪ್ರಶ್ನೆ: 1950ರ ದಶಕದ, ಅಮೆರಿಕದ ಬ್ಯಾಲಿ ಕಂಪನಿಯ ಬಿಂಗೋ ಪಿನ್‌ಬಾಲ್ ಯಂತ್ರ: ಗುಂಡು ಯಾವ ಗುಳಿಗೆ ಬೀಳುತ್ತದೋ ಆ ನಂಬರು ಕಾರ್ಡಿನಲ್ಲಿ ಹೊತ್ತುತ್ತದೆ. ಒಂದು ಸಾಲಿನಲ್ಲಿ ಮೂರು ನಂಬರು ಹೊತ್ತಿದರೂ ಗೆಲುವು ಎಣಿಸುವ ಕೌಂಟರ್ ಏರುವುದಿಲ್ಲ, ಉಳಿದ ಸಾಲುಗಳಲ್ಲಿ ಏರುತ್ತದೆ. ಎಲೆಕ್ಟ್ರಾನಿಕ್ ಚಿಪ್ ಒಂದೂ ಇಲ್ಲದ ಯಂತ್ರಕ್ಕೆ ಗೆಲುವು ಗೊತ್ತಾಗುವುದು ಹೇಗೆ? ದೋಷ ಎಲ್ಲಿ ಹುಡುಕಲಿ?

ಉತ್ತರ: ಮೂರೂ ನಂಬರು ಅಕ್ಕಪಕ್ಕದಲ್ಲೇ ಇವೆಯೇ ಎಂದು ಮೊದಲು ನೋಡಿ. ನಡುವೆ ಒಂದು ಮನೆ ಖಾಲಿ ಬಿದ್ದರೆ ಅದು ಗೆಲುವಲ್ಲ.

ಗೆಲುವನ್ನು ಹುಡುಕುವ ಕೆಲಸ ಸರ್ಚ್ ಡಿಸ್ಕ್‌ನದು. ಬೇಕಲೈಟ್ ತಟ್ಟೆ, ಅದರ ತುಂಬ ಹಿತ್ತಾಳೆ ರಿವೆಟ್‌ಗಳು, ಮೇಲೆ ಮೋಟಾರ್ ತಿರುಗಿಸುವ, ರಿವೆಟ್‌ಗಳನ್ನು ಸವರುತ್ತ ಹೋಗುವ ವೈಪರ್ ಬೆರಳುಗಳು. ಗುಂಡು ಗುಳಿಗೆ ಬಿದ್ದರೆ ಕೆಳಗಿನ ಸ್ವಿಚ್ ಮುಚ್ಚುತ್ತದೆ. 25 ನಂಬರಿನ ಒಂದು ಕಾರ್ಡಿನಲ್ಲಿ ಅಡ್ಡ 5, ಉದ್ದ 5, ಓರೆ 2, ಹೀಗೆ 12 ಸಾಲು. ವೈಪರ್ ಒಂದೊಂದು ಸಾಲಿನ ರಿವೆಟ್‌ಗಳ ಮೇಲೆ ಬಂದಾಗ ಆ ಸಾಲಿನ ಐದು ನಂಬರುಗಳು ಐದು ಸರ್ಚ್ ರಿಲೇಗಳಿಗೆ (ವಿದ್ಯುತ್ ಹರಿದಾಗ ಎಳೆದುಕೊಳ್ಳುವ ಸ್ವಿಚ್‌ಗಳು) ಸೇರುತ್ತವೆ. ಪಕ್ಕಪಕ್ಕದ ಮೂರು ರಿಲೇ ಒಟ್ಟಿಗೆ ಎಳೆದುಕೊಂಡರೆ ಡಿಸ್ಕ್ ಅಲ್ಲೇ ನಿಲ್ಲುತ್ತದೆ, ಕೌಂಟರ್ ಟಕ್ ಟಕ್ ಎಂದು ಏರುತ್ತದೆ. ಐದೇ ರಿಲೇಗಳಲ್ಲಿ ಎಲ್ಲ ಸಾಲನ್ನೂ ಪರೀಕ್ಷಿಸುವ ಈ ಜಾಣತನ ನಿಜಕ್ಕೂ ಮೆಚ್ಚುವಂಥದ್ದು.

ದೋಷ ಎಲ್ಲಿದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಒಂದು ನಂಬರು ಯಾವ ಸಾಲಿನಲ್ಲೂ ಲೆಕ್ಕಕ್ಕೆ ಬರದಿದ್ದರೆ ಗುಳಿಯ ಸ್ವಿಚ್ ಅಥವಾ ಅದರ ತಂತಿ. ಎಲ್ಲ ಸಾಲಿನಲ್ಲೂ ಮೂರನೆಯ ಸ್ಥಾನವೇ ತಪ್ಪುತ್ತಿದ್ದರೆ ಮೂರನೆಯ ವೈಪರ್ ಬೆರಳು ಅಥವಾ ಅದರ ರಿಲೇ. ಅದೇ ನಂಬರುಗಳು ಬೇರೆ ಸಾಲುಗಳಲ್ಲಿ ಸರಿಯಿದ್ದು ಒಂದೇ ಸಾಲು ಕೈಕೊಟ್ಟರೆ ಆ ಸಾಲಿನ ರಿವೆಟ್. ನಿಮ್ಮದು ಬಹುಶಃ ಈ ಕೊನೆಯದು.

ಪ್ಲಗ್ ಕಿತ್ತಿಡಿ. ರಿವೆಟ್ ಮೇಲೆ ಕಂದು ಅಂಟು ಕಾಣಿಸಿದರೆ ಅದು ಒಣಗಿದ ಹಳೆಯ ಗ್ರೀಸ್. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹೋಗದಿದ್ದರೆ ಹಸಿರು ನೈಲಾನ್ ಸ್ಕ್ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಸ್ಟೀಲ್ ವೂಲ್ ಖಂಡಿತ ಬೇಡ: ಉದುರಿದ ಎಳೆ ಎರಡು ರಿವೆಟ್ ನಡುವೆ ಕೂತರೆ ಶಾರ್ಟ್. ರಿಲೇ ಕಾಂಟ್ಯಾಕ್ಟ್‌ಗೆ ಸ್ಯಾಂಡ್ ಪೇಪರ್ ಹಾಕಿದರೆ ಬೆಳ್ಳಿಯೇ ಸವೆದುಹೋಗುತ್ತದೆ, ತೆಳು ಕಾಂಟ್ಯಾಕ್ಟ್ ಫೈಲ್ (ಅರ) ಎರಡು ಸಲ ಎಳೆದರೆ ಸಾಕು. ಕಾಂಟ್ಯಾಕ್ಟ್ ತೆರೆದಿದ್ದಾಗ ಸುಮಾರು 1 ಮಿ.ಮೀ. ಸಂದು ಇರಲಿ, ಮುಚ್ಚಿದಾಗ ಎದುರಿನ ಬ್ಲೇಡ್ ಸ್ವಲ್ಪ ಬಾಗಬೇಕು. ಕಾಯಿಲ್‌ನೊಳಗೆ ಜಾರುವ ಪ್ಲಂಜರ್ ಸರಳಿಗೆ ಎಣ್ಣೆ ಬಿಡಬೇಡಿ.

ಅಮೆರಿಕದ 60 ಹರ್ಟ್ಸ್ ಯಂತ್ರವನ್ನು ಭಾರತಕ್ಕೆ ತಂದಿದ್ದರೆ 230 ವೋಲ್ಟನ್ನು ಸುಮಾರು 115ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಆಗಲೂ ನಮ್ಮ 50 ಹರ್ಟ್ಸ್‌ನಲ್ಲಿ ಮೋಟಾರ್ ನಿಧಾನವಾಗಿಯೇ ತಿರುಗುತ್ತದೆ, ಅದನ್ನು ದೋಷವೆಂದು ಬಿಚ್ಚಲು ಹೋಗಬೇಡಿ.